ಖಾಲಿ ಹಾಳೆಯ ಮೇಲಿನ ಸಹಿ

ಪೊಲೀಸರೆದುರಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ, ಹಾಗಾಗಿ ನಿರಪರಾಧಿಗೆ ಭಯವಿಲ್ಲ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಕಾನೂನಿನ ಪುಸ್ತಕದಲ್ಲಿ ಹೌದು. ಆದರೆ ಆ ಹೇಳಿಕೆಯಿಂದ ಮಾಲು ಸಿಕ್ಕಿತೆಂದು ತೋರಿಸಿದರೆ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಕಲಂ, ಹೊಸದರಲ್ಲಿ 23. ಸಿಕ್ಕಿತು ಎನ್ನಲು ಬೇಕಾದವರು ಪಂಚರು, ಅಂದರೆ ಜಪ್ತಿಯನ್ನು ಕಣ್ಣಾರೆ ಕಂಡೆವೆಂದು ಸಹಿ ಹಾಕುವ ಸಾಕ್ಷಿಗಳು.

ಹದಿನೈದು ವರ್ಷಗಳ ಹಿಂದೆ ಶಿರಸಿ ಕಡೆಯ ಒಂದು ಅಡಿಕೆ ಕಳವಿನ ಪ್ರಕರಣದಲ್ಲಿ ನಾನೂ ಪಂಚನಾಗಿದ್ದೆ. ಚೀಲ ನೋಡಲಿಲ್ಲ, ಜಾಗ ನೋಡಲಿಲ್ಲ. ಠಾಣೆಯಲ್ಲಿ ಚಹಾ ಕೊಟ್ಟು ಖಾಲಿ ಹಾಳೆ ಮುಂದಿಟ್ಟರು, ಸಹಿ ಹಾಕಿದೆ. (ಹೆದರಿಕೆಯೋ ದಾಕ್ಷಿಣ್ಯವೋ, ಇಂದಿಗೂ ಹೇಳಲಾರೆ.) ಕಟಕಟೆಯಲ್ಲಿ ನಿಜ ಹೇಳಿದ್ದಕ್ಕೆ ಪ್ರತಿಕೂಲ ಸಾಕ್ಷಿಯೆಂಬ ಹಣೆಪಟ್ಟಿ ನನಗೇ ಬಂತು. ಆರೋಪಿಯಾಗಿದ್ದ ಕೊನೆಗೌಡ (ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವನು) ಬಿಡುಗಡೆಯಾದ. ಅಷ್ಟರಲ್ಲಿ ಎರಡು ಕೊನೆಕೊಯ್ಲು ಮುಗಿದಿದ್ದವು, ಕೆಲಸಕ್ಕೆ ಕರೆಯುವವರು ಉಳಿದಿರಲಿಲ್ಲ.

ಕೊಡಗಿನ ಪ್ರಕರಣ ಮರೆತಿರಾ? ಗಂಡನೇ ಕೊಂದನೆಂದು ಪೊಲೀಸರು ಹೇಳಿದ್ದ ಹೆಂಡತಿ 2025ರಲ್ಲಿ ಮಡಿಕೇರಿಯಲ್ಲಿ ಜೀವಂತ ಕಾಣಿಸಿಕೊಂಡಳು. ಗಂಡ ಅಷ್ಟರಲ್ಲಿ ಸುಮಾರು ಒಂದೂವರೆ ವರ್ಷ ಜೈಲಿನಲ್ಲಿ ಕಳೆದಿದ್ದ.

2024ರ ಜುಲೈಯಿಂದ ಶೋಧ, ಜಪ್ತಿಯ ವಿಡಿಯೊ ಚಿತ್ರೀಕರಣ ಕಡ್ಡಾಯವಾಗಿದೆ. ಒಳ್ಳೆಯದೇ. ಮಾಲು ಅಲ್ಲಿಗೆ ಬಂದ ಮೇಲೆ ಕ್ಯಾಮೆರಾ ಚಾಲೂ ಆಯಿತೇ, ಮೊದಲೇ ಆಗಿತ್ತೇ ಎಂದು ಯಾರಾದರೂ ಕೇಳುತ್ತಿದ್ದಾರೆಯೇ?