ರಿಪೇರಿಗೆ ಹೋದ ಹಡಗು

ನಿನ್ನೆ ರಾತ್ರಿ ಹನ್ನೊಂದೂವರೆಗೆ ನನ್ನ ಎಕ್ಸೆಟರ್ ಮತ್ತೆ ರಿಪೇರಿಗೆ ಹೋಯಿತು. ಈ ವಾರದಲ್ಲಿ ನಾಲ್ಕನೇ ಸಲ.

ಎಕ್ಸೆಟರ್ ಅಂದರೆ ಬ್ರಿಟನ್ನಿನ ಹೆವಿ ಕ್ರೂಸರ್, ನಡುಗಾತ್ರದ ಯುದ್ಧನೌಕೆ. ಕಂಪ್ಯೂಟರಿನಲ್ಲಿ ಎರಡನೇ ಮಹಾಯುದ್ಧ ಆಡುತ್ತಿದ್ದೇನೆ. ಹಗಲೆಲ್ಲ ಆಫೀಸಿನಲ್ಲಿ ಒಂದು ಸಹಿಗಾಗಿ ಮೂರು ಮೇಜು ಸುತ್ತುವವನು, ರಾತ್ರಿ ಇಡೀ ರಾಯಲ್ ನೇವಿ ನಡೆಸುತ್ತೇನೆ. ನೀವೂ ನಡೆಸುತ್ತೀರಿ, ಗೊತ್ತು ಬಿಡಿ. ಮನೆಯಲ್ಲಿ ಮಾತ್ರ ‘ಮೇಲ್ ನೋಡ್ತಿದ್ದೀನಿ’ ಅಂದಿರುತ್ತೀರಿ.

ಹೆವಿ ಕ್ರೂಸರಿನದು ನಡುವಿನ ಮಗನ ಪಾಡು. 1922ರಲ್ಲಿ ದೊಡ್ಡ ದೇಶಗಳೆಲ್ಲ ವಾಷಿಂಗ್ಟನ್ನಿನಲ್ಲಿ ಕೂತು, ಕ್ರೂಸರ್ 10,000 ಟನ್ ದಾಟಬಾರದು, ಫಿರಂಗಿಯ ಬಾಯಿ 8 ಇಂಚು ಮೀರಬಾರದು ಎಂದು ಬರೆದುಕೊಂಡವು. ಅಷ್ಟು ತೂಕದೊಳಗೆ ದೊಡ್ಡ ಫಿರಂಗಿಯೂ ಬೇಕು, ಓಟವೂ ಬೇಕು ಅಂದರೆ ಮೈಮೇಲಿನ ಉಕ್ಕು ತೆಳ್ಳಗಾಗದೆ ಇನ್ನೇನು? ಬ್ಯಾಟಲ್‌ಷಿಪ್ ಎಂಬ ದೈತ್ಯನ ಎದುರು ನಿಲ್ಲಲಾರದು, ಪುಟ್ಟ ಡೆಸ್ಟ್ರಾಯರಿನಷ್ಟು ಅಗ್ಗವೂ ಅಲ್ಲ.

ಆದರೂ ನನಗೆ ಅದೇ ಇಷ್ಟ. ತೊಂದರೆ ಇರುವುದು ಆಟದೊಳಗಿನ ಅಡ್ಮಿರಲ್ ಮಹಾಶಯನದು. ಹಡಗಿಗೆ ಒಂದು ಗೀರು ಬಿದ್ದರೆ ಸಾಕು, ನನ್ನನ್ನು ಒಂದು ಮಾತೂ ಕೇಳದೆ ಬಂದರಿಗೆ ಅಟ್ಟುತ್ತಾನೆ. ಅಲ್ಲಿ ಕ್ಯೂ. ಮುಂದೆ ಎರಡು ಬ್ಯಾಟಲ್‌ಷಿಪ್ಪು, ರೇಷನ್ ಅಂಗಡಿ ಮುಂದೆ ಚೀಲ ಇಟ್ಟು ನಿಂತವರ ಹಾಗೆ. ಅಂತೂ ಇಂತೂ ಸರದಿ ಬಂದು, ಪರದೆಯ ಮೇಲಿನ ರಿಪೇರಿ ಪಟ್ಟಿಯೆಲ್ಲ ಹಸಿರಾಗಿ, ಹೊರಟಿತಪ್ಪಾ ಅನ್ನುವಷ್ಟರಲ್ಲಿ ಯಾವುದೋ ವಿಮಾನ ಬಂದು ಕುಕ್ಕುತ್ತದೆ. ಮತ್ತೆ ವಾಪಸ್. ನಿನ್ನೆಯಂತೂ ಜರ್ಮನ್ ಹಡಗು ಎದುರಿಗೇ ಸಿಕ್ಕಿತ್ತು. ನಾನು ಕುರ್ಚಿಯ ತುದಿಗೆ ಬಂದು ಕೂತೆ. ಕಾಫಿ ಆರಿತು. ನನ್ನ ಎಕ್ಸೆಟರ್ ಸಾವಕಾಶವಾಗಿ ಬೆನ್ನು ತಿರುಗಿಸಿ, ಬೀಗರ ಮನೆಗೆ ಹೊರಟಂತೆ ಜಿಬ್ರಾಲ್ಟರ್ ಬಂದರಿನ ದಾರಿ ಹಿಡಿಯಿತು.

“ಥೂ, ಮತ್ತೆ ರಿಪೇರಿಗಾ!” ಜೋರಾಗಿಯೇ ಅಂದುಬಿಟ್ಟೆ.

ಒಳಗಿನಿಂದ ಹೆಂಡತಿ, “ಏನ್ರೀ, ಮಿಕ್ಸಿ ಸಿಕ್ತಾ?”

ನಮ್ಮ ಮಿಕ್ಸಿ ರಿಪೇರಿಗೆ ಹೋಗಿ ಮೂರು ವಾರ. ‘ಕಪ್ಲರ್ ಬರ್ಬೇಕು ಸಾರ್, ನಾಳೆ ಬನ್ನಿ’ ಅನ್ನುವುದು ಅಂಗಡಿಯವನ ಕಾಯಂ ಮಾತು. ಮೂರು ವಾರದಿಂದ ಇಡ್ಲಿಗೆ ಚಟ್ನಿಪುಡಿಯೇ ಗತಿ.

“ಮಿಕ್ಸಿ ಅಲ್ಲ ಕಣೇ, ಹಡಗು.”

“ಹಡಗಾದ್ರೂ ವಾಪಸ್ ಬರತ್ತಲ್ಲ!”

ಸುಮ್ನೆ ಇರಬೇಕಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತು ನಿಜವಾದ ಎಕ್ಸೆಟರಿನ ಕಥೆ ಶುರುಮಾಡಿದೆ. 1939ರ ಡಿಸೆಂಬರ್ 13ರಂದು, ದಕ್ಷಿಣ ಅಮೆರಿಕದ ರಿವರ್ ಪ್ಲೇಟ್ ನದೀಮುಖದ ಹತ್ತಿರ, ಅದು ಜರ್ಮನಿಯ ಯುದ್ಧನೌಕೆ ಗ್ರಾಫ್ ಸ್ಪೀಯ 11 ಇಂಚಿನ ಫಿರಂಗಿಗಳಿಗೆ ಎದೆಯೊಡ್ಡಿತು. ತನ್ನ ಎಂಟು ಇಂಚಿನ ಫಿರಂಗಿಗಳೆಲ್ಲ ಬಾಯಿ ಮುಚ್ಚಿದ ಮೇಲೆ ಕುಂಟುತ್ತಾ ಫಾಕ್‌ಲ್ಯಾಂಡ್ ಸೇರಿತು. ಆಮೇಲೆ ಇಂಗ್ಲೆಂಡಿನಲ್ಲಿ ರಿಪೇರಿಗೆ ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

“ವರ್ಷವಾ? ಇದನ್ನ ಆ ಮಿಕ್ಸಿಯವನ ಮುಂದೆ ಹೇಳ್ಬೇಡಿ ಮಾರಾಯ್ರೇ.”

ಉಳಿದದ್ದನ್ನು ನಾನೂ ಹೇಳಲಿಲ್ಲ. ಅಷ್ಟೆಲ್ಲ ರಿಪೇರಿಯಾಗಿ ಬಂದ ಹಡಗು 1942ರ ಮಾರ್ಚ್ 1ರಂದು ಜಾವಾ ಸಮುದ್ರದಲ್ಲಿ ಮುಳುಗಿತು. ಮತ್ತೆ ನೌಕಾಪಡೆ ಸೇರಿ ಹೆಚ್ಚುಕಮ್ಮಿ ಒಂದೇ ವರ್ಷಕ್ಕೆ.

ಪರದೆಯ ಮುಂದೆ ವಾಪಸ್ ಬಂದು ಸುಮ್ಮನೆ ಹಡಗುಗಳ ಪಟ್ಟಿ ನೋಡುತ್ತಾ ಕೂತೆ. ಅದರಲ್ಲಿ ನೈಜೀರಿಯಾ ಎಂಬ ಹೆಸರು ಕಂಡಿತು. 6 ಇಂಚಿನ ಫಿರಂಗಿಯ ಲೈಟ್ ಕ್ರೂಸರ್. 1957ರಲ್ಲಿ ನಮ್ಮ ನೌಕಾಪಡೆಗೆ ಬಂದು, ಐಎನ್‌ಎಸ್ ಮೈಸೂರು ಆಗಿ, 1985ರ ತನಕ ದುಡಿದ ಹಡಗು ಅದೇ. ಅದನ್ನು ಬಂದರಿನಿಂದ ಹೊರಗೇ ಬಿಟ್ಟಿಲ್ಲ. ಅಡ್ಮಿರಲ್ ಗೊಣಗಿದರೆ ಗೊಣಗಲಿ. ಹೆಚ್ಚುಕಡಿಮೆಯಾದರೆ ಮೈಸೂರಿನ ಮಾವನವರಿಗೆ ಯಾವ ಮುಖ ತೋರಿಸಲಿ?

ಎಕ್ಸೆಟರಿಗೆ ಇನ್ನೂ 19 ದಿನ ಅಂತ ತೋರಿಸುತ್ತಿದೆ. ಮಿಕ್ಸಿ ನಾಳೆಯಂತೆ.