ಟಿಎಸ್‌ಎಚ್ ಜಾಸ್ತಿ ಬಂದರೆ ಥೈರಾಯ್ಡ್ ಕಮ್ಮಿ ಇದೆ ಅಂತ

ರಕ್ತ ಪರೀಕ್ಷೆಯ ರಿಪೋರ್ಟ್‌ನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) 9 ಬಂದಿದ್ದರೆ ಸಾಮಾನ್ಯವಾಗಿ ನಿಮ್ಮ ಥೈರಾಯ್ಡ್ ಹಾರ್ಮೋನ್ ಜಾಸ್ತಿ ಆಗಿರುವುದಿಲ್ಲ. ಸಾಲದೆ ಬಂದಿರುತ್ತದೆ. ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತು ಇದನ್ನು ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇವತ್ತು ಬರೆದು ಹಾಕುತ್ತಿದ್ದೇನೆ, ಇನ್ನು ಮೇಲೆ ಯಾರಾದರೂ ಕೇಳಿದರೆ ಲಿಂಕ್ ಕಳಿಸಿದರಾಯಿತು.

ಟಿಎಸ್‌ಎಚ್ ಥೈರಾಯ್ಡ್ ಮಾಡುವ ಹಾರ್ಮೋನೇ ಅಲ್ಲ. ಅದನ್ನು ಮಾಡುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ತೂಕ ಹೆಚ್ಚೂ ಕಮ್ಮಿ ಅರ್ಧ ಗ್ರಾಂ, ಅಷ್ಟೇ. ಥೈರಾಯ್ಡ್ ಇರುವುದು ಕತ್ತಿನ ಮುಂಭಾಗದಲ್ಲಿ. ಮನೆ ಕಟ್ಟುವ ಜಾಗದಲ್ಲಿ ಮೇಸ್ತ್ರಿಯನ್ನು ನೋಡಿದ್ದೀರಲ್ಲ? ಕೆಲಸ ನಿಧಾನ ಆದಷ್ಟೂ ಅವನ ಕೂಗಾಟ ಜಾಸ್ತಿ. ಟಿಎಸ್‌ಎಚ್ ಆ ಕೂಗಾಟ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್, ಅಂದರೆ ಟಿ4, ಸಾಲದೆ ಬಂದರೆ ಪಿಟ್ಯುಟರಿ ದನಿ ಏರಿಸುತ್ತದೆ. ಸಾಕಷ್ಟಾದರೆ ಸುಮ್ಮನಾಗುತ್ತದೆ. ಟಿ4 ಮಿತಿ ಮೀರಿದರೆ ಟಿಎಸ್‌ಎಚ್ 0.01ಕ್ಕೂ ಇಳಿದುಬಿಡಬಹುದು. ಪಿಟ್ಯುಟರಿಗೂ ಮೇಲೆ ಹೈಪೋಥಲಾಮಸ್ ಅಂತ ಇನ್ನೊಬ್ಬರಿದ್ದಾರೆ, ಆ ಲೆಕ್ಕ ಸದ್ಯಕ್ಕೆ ಬಿಡಿ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ, ಅಂಡಾಶಯ, ವೃಷಣ ಎಲ್ಲಾ ನಡೆಯುವುದು ಹೆಚ್ಚುಕಡಿಮೆ ಇದೇ ಥರ. ಆದರೆ ಇನ್ಸುಲಿನ್ ಪಿಟ್ಯುಟರಿ ಮಾತಿಗೆ ಕಾಯುವುದಿಲ್ಲ. ಮೇದೋಜೀರಕ ಗ್ರಂಥಿ ರಕ್ತದ ಸಕ್ಕರೆಯನ್ನು ತಾನೇ ನೋಡಿಕೊಂಡು ಬಿಡುಗಡೆ ಮಾಡುತ್ತದೆ.

ಇಷ್ಟು ಅರ್ಥವಾದರೆ ಕೌಂಟರ್‌ನಲ್ಲಿ ಜನ ನನ್ನನ್ನು ಕೇಳುವ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿತು.

"ಅಣ್ಣ, ಈ ಸಲ ನಾರ್ಮಲ್ ಬಂದಿದೆ. ಇನ್ನು ಮಾತ್ರೆ ಬೇಡ ಅಲ್ವಾ?"

"ಅಕ್ಕ, ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಬಂದಿರೋದು. ಡಾಕ್ಟರನ್ನ ಕೇಳದೆ ನಿಲ್ಲಿಸಬೇಡಿ."

ಥೈರಾಯ್ಡ್ ಮಾತ್ರೆ ಜ್ವರದ ಮಾತ್ರೆ ಥರ ಅಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಥೈರಾಯ್ಡ್ ಸೋಲುವುದು ಹಾಶಿಮೊಟೊ ಕಾಯಿಲೆಯಿಂದ. ಜಪಾನಿನ ಹಕಾರು ಹಾಶಿಮೊಟೊ 1912ರಲ್ಲಿ ವಿವರಿಸಿದ್ದು. ದೇಹದ ರಕ್ಷಣಾ ಪಡೆಯೇ ತನ್ನ ಗ್ರಂಥಿಯ ಮೇಲೆ ಬಿದ್ದು ನಿಧಾನವಾಗಿ ಹಾಳು ಮಾಡುತ್ತದೆ. ಹಾಳಾದ ಗ್ರಂಥಿಯನ್ನು ಮಾತ್ರೆ ರಿಪೇರಿ ಮಾಡುವುದಿಲ್ಲ. ಅದು ಮಾಡಬೇಕಿದ್ದ ಟಿ4 ಅನ್ನು ಹೊರಗಿನಿಂದ ತಂದುಕೊಡುತ್ತದೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಡಾಕ್ಟರ್ ಜಾರ್ಜ್ ಮರ್ರೆ ಒಬ್ಬ ಹೆಂಗಸಿಗೆ ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿ ಕೊಟ್ಟರು. ಮೈಯೆಲ್ಲಾ ಊದಿ, ಮಾತು ನಿಧಾನವಾಗಿ, ಮಂಕಾಗಿದ್ದ ಆಕೆ ಚೇತರಿಸಿಕೊಂಡರು. ಆಮೇಲೆ 28 ವರ್ಷ ಬದುಕಿದರು. ಅಷ್ಟೂ ವರ್ಷ ಔಷಧ ಬಿಡಲಿಲ್ಲ, ಅದಕ್ಕೆ 800ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. ಈಗ ಅದೇ ಕೆಲಸಕ್ಕೆ ಬೆರಳ ತುದಿಯಲ್ಲಿ ನಿಲ್ಲುವ ಒಂದು ಬಿಳಿ ಮಾತ್ರೆ ಸಾಕು. ಅದನ್ನೂ ನಾವು ಹಬ್ಬಕ್ಕೆ, ಮದುವೆಗೆ, ತವರಿಗೆ ಹೋದಾಗ ಮರೆತು ಬರುತ್ತೇವೆ.

ಮಾತ್ರೆ ನುಂಗುವ ರೀತಿಯೂ ಮುಖ್ಯ. ಬೆಳಿಗ್ಗೆ ಖಾಲಿ ಹೊಟ್ಟೆ, ಬರೀ ನೀರು, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಇಲ್ಲ. ನಮ್ಮ ಜನಕ್ಕೆ ಕಷ್ಟ ಆಗುವುದು ಆ ಒಂದು ಗಂಟೆಯೇ. ಫಿಲ್ಟರ್ ಕಾಫಿ ಬಿಡಲಾಗದೆ, ಮಾತ್ರೆಯನ್ನು ಅದರ ಜೊತೆಗೇ ಇಳಿಸುತ್ತಾರೆ. ಕಾಫಿ ಜೊತೆ ಹೋದ ಮಾತ್ರೆಯನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಡೋಸ್ 50ರಿಂದ 75, 75ರಿಂದ 100 ಅಂತ ಏರುತ್ತಾ ಹೋಗುತ್ತದೆ, ಗ್ರಂಥಿಯನ್ನು ಬೈಯುತ್ತಾ ಕೂರುತ್ತೇವೆ. (ಈ ಅಂಕಿಗಳು ಮೈಕ್ರೋಗ್ರಾಂ. ಪ್ಯಾರಾಸಿಟಮಾಲ್ ಥರ ಮಿಲಿಗ್ರಾಂ ಅಲ್ಲ.) ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಬೇಕು. ಮೂರನ್ನೂ ಒಂದೇ ಅಂಗೈಯಲ್ಲಿ ಹಾಕಿಕೊಂಡು ಒಂದೇ ಗುಟುಕಿಗೆ ನುಂಗುವ ಬಸುರಿಯರನ್ನು ನೋಡಿ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ. ಮೊದಲ ತಿಂಗಳುಗಳಲ್ಲಿ ಹೊಟ್ಟೆಯ ಮಗುವಿನ ಮಿದುಳು ನಂಬಿಕೊಂಡಿರುವುದು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ. ಸಾಮಾನ್ಯವಾಗಿ ಆ ಸಮಯದಲ್ಲಿ ಡೋಸ್ ಏರಿಸಬೇಕಾಗುತ್ತದೆ. ಗರ್ಭ ನಿಂತಿದೆ ಅಂತ ಗೊತ್ತಾದ ದಿನವೇ ಡಾಕ್ಟರಿಗೆ ಫೋನ್ ಮಾಡಿ.

ಡೋಸ್ ಬದಲಾಯಿಸಿ ಹದಿನೈದೇ ದಿನಕ್ಕೆ ಮತ್ತೆ ರಕ್ತ ಕೊಡುವವರೂ ಇದ್ದಾರೆ. ಸುಮ್ನೆ ದುಡ್ಡು ದಂಡ. ರಕ್ತದಲ್ಲಿ ಟಿ4 ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಹೊಸ ಡೋಸ್ ಒಂದು ಮಟ್ಟಕ್ಕೆ ಬಂದು ನಿಂತು, ಅದನ್ನು ಪಿಟ್ಯುಟರಿ ನಂಬಿ ತನ್ನ ದನಿ ಇಳಿಸಲು 6ರಿಂದ 8 ವಾರ.

ನನ್ನ ನಿಜವಾದ ಸಿಟ್ಟು ಇರುವುದು ಫುಲ್ ಬಾಡಿ ಪ್ಯಾಕೇಜ್‌ಗಳ ಮೇಲೆ. ಯಾವ ತೊಂದರೆಯೂ ಇಲ್ಲದವರಿಗೆ ಆಫರ್‌ನಲ್ಲಿ ಅರವತ್ತು ಎಪ್ಪತ್ತು ಟೆಸ್ಟ್ ಮಾಡಿ, ಟಿಎಸ್‌ಎಚ್ 5.2 ಬಂದಿದ್ದಕ್ಕೆ ಕೆಂಪು ಅಕ್ಷರದಲ್ಲಿ ಮುದ್ರಿಸಿ ಕೈಗೆ ಕೊಡುತ್ತಾರೆ. ನಾರ್ಮಲ್ ಟಿಎಸ್‌ಎಚ್‌ನ ಮೇಲಿನ ಮಿತಿ ಸುಮಾರು 4ರಿಂದ 4.5. ಟಿಎಸ್‌ಎಚ್ ರಾತ್ರಿ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಕಾಯಿಲೆಯಿಂದ ಎದ್ದಾಗ ಸ್ವಲ್ಪ ದಿನ ಏರಿರುತ್ತದೆ. ವಯಸ್ಸಾದವರಲ್ಲಿ ತುಸು ಜಾಸ್ತಿ ಇರುವುದು ಸಹಜ. ಟಿ4 ಸರಿಯಿದ್ದು ಟಿಎಸ್‌ಎಚ್ ಸ್ವಲ್ಪ ಮಾತ್ರ ಏರಿದ್ದರೆ, ಬಸುರಿಯರ ಮಾತು ಬಿಟ್ಟರೆ, ಕೆಲವು ವಾರ ಬಿಟ್ಟು ಮತ್ತೆ ನೋಡುವುದು ಸರಿಯಾದ ಕ್ರಮ. ಎಷ್ಟೋ ಸಲ ತಾನೇ ಇಳಿಯುತ್ತದೆ. ಮಾತ್ರೆ ಮಾರುವವನೇ ಹೀಗೆ ಹೇಳುತ್ತಿದ್ದಾನೆ ಅಂದರೆ ನಂಬಿ.

ಕೂದಲು ಉದುರುತ್ತೆ ಅಂತ ಬಯೋಟಿನ್ ಎಂಬ ವಿಟಮಿನ್ ತಿನ್ನುವವರು ರಕ್ತ ಕೊಡುವ ಎರಡು ದಿನ ಮುಂಚೆಯೇ ಅದನ್ನು ನಿಲ್ಲಿಸಿ. ಕೆಲವು ಯಂತ್ರಗಳು ಬಯೋಟಿನ್‌ಗೆ ಮೋಸ ಹೋಗಿ, ಇಲ್ಲದ ಹೈಪರ್ ಥೈರಾಯ್ಡ್ (ಥೈರಾಯ್ಡ್ ಹಾರ್ಮೋನ್ ಜಾಸ್ತಿ ಆಗುವ ತೊಂದರೆ) ತೋರಿಸುತ್ತವೆ.

ತೂಕದ ವಿಷಯ. ಥೈರಾಯ್ಡ್ ಸೋತಿದ್ದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕೆಜಿ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು. ಇಪ್ಪತ್ತು ಕೆಜಿಯನ್ನೂ ಅದರ ತಲೆಗೆ ಕಟ್ಟುವುದು ಸರಿಯಲ್ಲ. ಹಾಗಂತ ಸದಾ ಸುಸ್ತು, ಚಳಿ, ಮಲಬದ್ಧತೆ, ಮುಟ್ಟಿನ ಏರುಪೇರು ಇರುವ ಹೆಂಗಸನ್ನು "ಸೋಮಾರಿ" ಅಂತ ಜರಿಯುವ ಅತ್ತೆಯಂದಿರಿಗೆ, ಗಂಡಂದಿರಿಗೆ ನಾನು ಹೇಳುವುದು ಇಷ್ಟೇ: ಮೊದಲು ಒಂದು ಟಿಎಸ್‌ಎಚ್ ಮಾಡಿಸಿ, ಆಮೇಲೆ ಬೈಯಿರಿ.

ಇನ್ನೊಂದು, ಯಾರೂ ಕೇಳದ ಪ್ರಶ್ನೆ. ಕೆಲವು ಮಕ್ಕಳು ಹುಟ್ಟುವಾಗಲೇ ಥೈರಾಯ್ಡ್ ಕೆಲಸ ಮಾಡುತ್ತಿರುವುದಿಲ್ಲ. ನೋಡಲು ಚೆನ್ನಾಗಿಯೇ ಇರುತ್ತವೆ. ಎಷ್ಟೋ ಸಲ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ, ಅಷ್ಟರಲ್ಲಿ ಬುದ್ಧಿ ಬೆಳವಣಿಗೆಗೆ ಪೆಟ್ಟು ಬಿದ್ದಿರುತ್ತದೆ. ಹುಟ್ಟಿದ ಎರಡು ಮೂರು ದಿನದಲ್ಲಿ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ನೋಡಿದರೆ ಸಿಕ್ಕಿಬೀಳುತ್ತದೆ. ಮೊದಲ ಎರಡು ವಾರದೊಳಗೆ ಮಾತ್ರೆ ಶುರು ಮಾಡಿದರೆ ಸಾಮಾನ್ಯವಾಗಿ ಮಗು ಎಲ್ಲರಂತೆ ಬೆಳೆಯುತ್ತದೆ. ನಮ್ಮಲ್ಲಿ ಎಲ್ಲಾ ಆಸ್ಪತ್ರೆಗಳಲ್ಲೂ ಇದನ್ನು ತಾವಾಗಿಯೇ ಮಾಡುವುದಿಲ್ಲ. ಹೆರಿಗೆ ವಾರ್ಡಿನಿಂದ ಡಿಸ್ಚಾರ್ಜ್ ಆಗುವ ಮುಂಚೆ ನೀವೇ ಬಾಯಿಬಿಟ್ಟು ಕೇಳಿ, "ಮಗುವಿನ ಟಿಎಸ್‌ಎಚ್ ಆಯ್ತಾ?"