ಕಾಲು ಬಂದ ಟೊಮೆಟೊ

2025ರ ಆಷಾಢದಲ್ಲಿ ನನ್ನ ಸ್ಕೂಟರ್ ಕೀ ಕಳೆದುಹೋಯಿತು. ಅದಕ್ಕೆ ಕಾರಣ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ನಗಬೇಡಿ, ಪೂರ್ತಿ ಕೇಳಿ.

ಆಗ ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಮೇಲಿದ್ದರು. ಜೂನ್ 25ಕ್ಕೆ ಹೊರಟು ಮಾರನೇ ದಿನ ನಿಲ್ದಾಣ ಸೇರಿದವರು ಜುಲೈ 15ಕ್ಕೆ ವಾಪಸ್ ಬಂದಿಳಿಯುವ ತನಕ ನಮ್ಮನೇಲಿ ಬೇರೆ ಮಾತೇ ಇರಲಿಲ್ಲ. ಮಗ ಏಳನೇ ಕ್ಲಾಸು. ಪಾಠ ಒಂದು ಬಿಟ್ಟು ಮಿಕ್ಕ ಎಲ್ಲದರಲ್ಲೂ ಅವನಿಗೆ ಆಸಕ್ತಿ. ನಿಲ್ದಾಣ ಹಾಸನದ ಮೇಲೆ ಯಾವತ್ತು, ಎಷ್ಟು ಹೊತ್ತಿಗೆ ಹಾದುಹೋಗುತ್ತೆ ಅಂತ ಮೊಬೈಲಿನಲ್ಲಿ ನೋಡಿ, ಚೀಟಿ ಬರೆದು, ಹಾಲಿನ ಲೆಕ್ಕದ ಪಕ್ಕ ಫ್ರಿಜ್ಜಿಗೆ ಅಂಟಿಸಿದ್ದ.

ನಮ್ಮೂರಲ್ಲಿ ಆಕಾಶದ ವಿಷಯ ಎತ್ತಿದರೆ ಸಾಕು, ಎಲ್ಲರೂ ಸಾಲಗಾಮೆ ರಸ್ತೆ ಕಡೆ ಕೈ ತೋರಿಸುತ್ತಾರೆ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರೋದು ಅಲ್ಲೇ ಅಲ್ವಾ. "ಎಂಸಿಎಫ್‌ನೋರಿಗೆ ಒಂದು ಮಾತು ಹೇಳ್ರಿ, ನಮ್ಮ ಬೀದಿ ಮೇಲೆ ಬಂದಾಗ ಸ್ವಲ್ಪ ನಿಧಾನಕ್ಕೆ ಬಿಡ್ತಾರೆ" ಅಂತ ಪಕ್ಕದ ಮನೆಯವರು ಸಲಹೆ ಕೊಟ್ಟರು. ಪಾಪ, ಎಂಸಿಎಫ್‌ನವರು 1982ರಿಂದ ಕಾಯುತ್ತಿರುವುದು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು. ಅದರ ಮುಂದೆ ಈ ನಿಲ್ದಾಣ ಪಕ್ಕದ ಬೀದಿ ಇದ್ದ ಹಾಗೆ. ಬರೀ 400 ಕಿಲೋಮೀಟರ್. ಹಾಸನದಿಂದ ಬೆಂಗಳೂರಿಗೆ ಹೋಗಿ ಬರುವುದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ವೇಗ ಮಾತ್ರ ಗಂಟೆಗೆ 28,000 ಕಿಲೋಮೀಟರ್. ಹಾಸನ ಬಿಟ್ಟು ಬೆಂಗಳೂರು ಮುಟ್ಟೋಕೆ ಅರ್ಧ ನಿಮಿಷವೂ ಬೇಡ. ನೆಲಮಂಗಲದಲ್ಲಿ ಅವರಿಗೆ ಟ್ರಾಫಿಕ್ ಇಲ್ಲ ನೋಡಿ.

ಆವತ್ತು ಸಂಜೆ ನಾನು ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಇಲ್ಲದ ಕಾಲದಲ್ಲಿ ಅವರೆಕಾಯಿ ಹುಡುಕುತ್ತಾ ನಿಂತಿದ್ದೆ. ಮಗನ ಫೋನು ಬಂತು. "ಅಮ್ಮಾ, ಇನ್ನು ಹನ್ನೆರಡು ನಿಮಿಷ!" ಒಂದು ಕೈಯಲ್ಲಿ ಸೊಪ್ಪು, ಇನ್ನೊಂದು ಕೈಯಲ್ಲಿ ಛತ್ರಿ, ಜಿಟಿಜಿಟಿ ಮಳೆಯಲ್ಲಿ ಗಾಡಿ ಓಡಿಸಿಕೊಂಡು ಬಂದು, ಗೇಟಿನ ಹತ್ತಿರ ನಿಲ್ಲಿಸಿ, ಜಗಲಿ ಮೇಲೆ ಎಲೆಅಡಿಕೆ ಹಾಕುತ್ತಾ ಕೂತಿದ್ದ ನಮ್ಮತ್ತೆಯನ್ನು ದಾಟಿ, ಚಪ್ಪಲಿ ಸಮೇತ ತಾರಸಿಗೆ ಓಡಿದೆ. ಕತ್ತೆತ್ತಿ ನೋಡಿದರೆ ಮೋಡ. ಆಷಾಢದಲ್ಲಿ ಹಾಸನದ ಆಕಾಶದಲ್ಲಿ ಹಗಲು ಹೊತ್ತು ಸೂರ್ಯನೇ ಕಾಣುವುದಿಲ್ಲ, ಇನ್ನು ರಾತ್ರಿ ಶುಕ್ಲಾ ಅವರು ಕಾಣುತ್ತಾರಾ? ಆರು ನಿಮಿಷ ಮೂಗಿನ ಮೇಲೆ ಮಳೆ ಹನಿಸಿಕೊಂಡು ಕೆಳಗಿಳಿದು ಬಂದೆ. ಗಾಡಿ ಒಳಗೆ ಹಾಕೋಣ ಅಂದರೆ ಕೀ ಇಲ್ಲ.

ಇಲ್ಲಿಂದ ನಮ್ಮನೆಯವರ ಪಾತ್ರ ಶುರು. ಮನೆಯಲ್ಲಿ ಏನೇ ಕಳೆದರೂ ಅವರು ಕೂತಲ್ಲಿಂದ ಏಳದೆ ಒಂದು ಪ್ರಶ್ನೆ ಕೇಳುತ್ತಾರೆ. "ಎಲ್ಲಿಗೆ ಹೋಗುತ್ತೆ? ಅದಕ್ಕೇನು ಕಾಲು ಬಂದಿದೆಯಾ?" ಮದುವೆಯಾಗಿ ಹದಿನೈದು ವರ್ಷದಲ್ಲಿ ಕತ್ತರಿ, ಗ್ಯಾಸ್ ಪುಸ್ತಕ, ಓಲೆಯ ತಿರುಪು, ಒಂದು ಸಲ ಇಡೀ ಮಿಕ್ಸಿ ಮುಚ್ಚಳ, ಎಲ್ಲದಕ್ಕೂ ಕಾಲು ಬಂದಿದೆಯಾ ಅಂತ ವಿಚಾರಣೆ ನಡೆದಿದೆ. ನಾನು ಸೋಫಾ ಎತ್ತಿದೆ, ಸೊಪ್ಪನ್ನು ಕಡ್ಡಿ ಕಡ್ಡಿಯಾಗಿ ಬಿಡಿಸಿದೆ, ಮೆಟ್ಟಿಲನ್ನು ಟಾರ್ಚ್ ಹಾಕಿ ನೋಡಿದೆ. ಇಲ್ಲ. ಮಾರನೇ ದಿನ ಬಸ್ ಸ್ಟ್ಯಾಂಡ್ ಹತ್ತಿರ ಡೂಪ್ಲಿಕೇಟ್ ಕೀ ಮಾಡಿಸಿದ್ದಾಯಿತು. ಅದರ ದುಡ್ಡಿನ ಲೆಕ್ಕವನ್ನು ನಮ್ಮನೆಯವರು ಹಾಲಿನ ಲೆಕ್ಕದ ಚೀಟಿಯ ಕೆಳಗೇ ಬರೆದರು. ಬೇಕಂತಲೇ.

ಆಗ ನನ್ನ ಪಕ್ಷಕ್ಕೆ ಬಂದದ್ದು ಮಗ. "ಅಪ್ಪಾ, ಅಲ್ಲಿ ಟೊಮೆಟೊನೇ ಕಳೆದುಹೋಗಿತ್ತು ಗೊತ್ತಾ?" ಅಂದ.

ಕಥೆ ಹೀಗೆ. ಫ್ರಾಂಕ್ ರುಬಿಯೊ ಅಂತ ಅಮೆರಿಕದ ಗಗನಯಾತ್ರಿ. ಒಂದೇ ಉಸಿರಿಗೆ 371 ದಿನ ನಿಲ್ದಾಣದಲ್ಲಿದ್ದವರು. ಅಲ್ಲೇ ಟೊಮೆಟೊ ಬೆಳೆದರು, 2023ರಲ್ಲಿ ಕೊಯ್ದರು. ಅವರ ಪಾಲಿಗೆ ಬಂದಿದ್ದ ಪುಟಾಣಿ ಟೊಮೆಟೊ, ಚೀಲದ ಸಮೇತ, ಕಣ್ಣು ಮಿಟುಕಿಸುವಷ್ಟರಲ್ಲಿ ತೇಲಿಕೊಂಡು ಹೋಯಿತು. ಗಂಟೆಗಟ್ಟಲೆ ಹುಡುಕಿದರು. ಸಿಗಲಿಲ್ಲ. ಜೊತೆಯವರು ಏನಂದುಕೊಂಡರು ಹೇಳಿ? ತಿಂದುಬಿಟ್ಟು ಕಳೆದೋಯ್ತು ಅಂತಾನೆ ಅಂದುಕೊಂಡರು! ಆ ಆಪಾದನೆ ಹೊತ್ತುಕೊಂಡೇ ಮನುಷ್ಯ ಸೆಪ್ಟೆಂಬರಿನಲ್ಲಿ ಭೂಮಿಗೆ ಇಳಿದ. ಡಿಸೆಂಬರಿನಲ್ಲಿ, ಸುಮಾರು ಎಂಟು ತಿಂಗಳಾದ ಮೇಲೆ, ಮೇಲಿದ್ದವರಿಗೆ ಟೊಮೆಟೊ ಸಿಕ್ಕಿತು. ಒಣಗಿ ಬಣ್ಣ ಕೆಟ್ಟಿತ್ತು, ಬೂಷ್ಟು ಹಿಡಿದಿರಲಿಲ್ಲ. ಸಿಕ್ಕಿತು ಅಂತ ಜಗತ್ತಿಗೆಲ್ಲ ಹೇಳಿದವರು ಜಾಸ್ಮಿನ್ ಮೊಘ್‌ಬೇಲಿ. ಆಯಮ್ಮನೂ ಸಾಮಾನ್ಯದವರಲ್ಲ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಜೊತೆಗಾತಿ ಲೋರಲ್ ಓಹಾರಾ ಅವರೊಂದಿಗೆ ನಿಲ್ದಾಣದ ಹೊರಗೆ ರಿಪೇರಿಗೆ ಹೋಗಿದ್ದಾಗ, ಅವರ ಟೂಲ್ ಬ್ಯಾಗೇ ಕೈತಪ್ಪಿ ಹೋಗಿತ್ತು. ಅದು ನಿಲ್ದಾಣದ ಮುಂದೆ ಮುಂದೆ ಭೂಮಿ ಸುತ್ತುತ್ತಾ ಹೋಯಿತು, ಕೆಳಗಿನ ಜನ ಬೈನಾಕ್ಯುಲರ್ ಹಿಡಿದು ನೋಡಿದರು. ನಾನು ಕಳೆದ ಸಾಮಾನನ್ನು ಇವತ್ತಿನ ತನಕ ಯಾರೂ ಬೈನಾಕ್ಯುಲರ್ ಹಿಡಿದು ನೋಡಿಲ್ಲ, ಅದೇ ಸಮಾಧಾನ.

ನಮ್ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಗುರುತ್ವಾಕರ್ಷಣೆ ಇಲ್ಲ, ತೇಲುತ್ತೆ. ಇಲ್ಲಿ ಏನು ಕಾರಣ?" ಅಂದರು. ಅಲ್ಲೇ ಸಿಕ್ಕಿಹಾಕಿಕೊಂಡರು. ಯಾಕೆಂದರೆ ಗುರುತ್ವಾಕರ್ಷಣೆ ಅಲ್ಲೂ ಇದೆ, ನಮ್ಮಲ್ಲಿರುವುದರ ಶೇಕಡಾ 90ರ ಹತ್ತಿರ. ಇಡೀ ನಿಲ್ದಾಣವೇ ಒಳಗಿರುವ ಜನರ ಸಮೇತ ಸದಾ ಬೀಳುತ್ತಾ ಇರುತ್ತೆ. ಪಕ್ಕಕ್ಕೆ ಅಷ್ಟು ಜೋರಾಗಿ ಓಡುತ್ತಿರುವುದರಿಂದ ನೆಲ ಸಿಗೋದೇ ಇಲ್ಲ. ಸಕಲೇಶಪುರದ ಕಡೆ ಹೋಗುವ ಬಸ್ಸಿನ ಕೊನೇ ಸೀಟಿನಲ್ಲಿ ಕೂತವರಿಗೆ ಇದನ್ನು ವಿವರಿಸುವುದೇ ಬೇಡ. ಗುಂಡಿಗೆ ಇಳಿದೇಳುವಾಗ ಸೀಟು ಬಿಟ್ಟು ಮೇಲೇಳುತ್ತೀವಲ್ಲ, ಆ ಅರ್ಧ ಸೆಕೆಂಡು ಅವರಿಗೆ ಆರು ತಿಂಗಳು. ಅಲ್ಲಿ ಮಂಚದ ಕೆಳಗೆ ನೋಡು ಅನ್ನುವ ಹಾಗಿಲ್ಲ. ಮಂಚವೂ ಇಲ್ಲ, ಕೆಳಗೂ ಇಲ್ಲ. ಮಲಗೋ ಚೀಲವನ್ನು ಗೋಡೆಗೆ ಕಟ್ಟಿಕೊಂಡು ಮಲಗುತ್ತಾರೆ.

ಇಷ್ಟಕ್ಕೆ ಅತ್ತೆಗೂ ವಿಷಯ ರುಚಿಸಿತು. ಅವರ ಮೊದಲ ಪ್ರಶ್ನೆ, "ಅಡುಗೆ ಯಾರು ಮಾಡ್ತಾರವ್ವಾ?" ಯಾರೂ ಮಾಡಲ್ಲ, ಪ್ಯಾಕೆಟ್ಟಿಗೆ ಬಿಸಿನೀರು ಬಿಟ್ಟುಕೊಳ್ಳುತ್ತಾರೆ ಅಂದೆ. ಶುಕ್ಲಾ ಅವರು ಕ್ಯಾರೆಟ್ ಹಲ್ವಾ, ಹೆಸರುಬೇಳೆ ಹಲ್ವಾ, ಮಾವಿನ ಹಣ್ಣಿನ ರಸ ತಗೊಂಡು ಹೋಗಿದ್ದು ಅವರಿಗೆ ಒಪ್ಪಿಗೆಯಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಹೆಸರುಕಾಳು, ಮೆಂತ್ಯ ಕೊಟ್ಟು ಮೇಲೆ ಮೊಳಕೆ ಬರಿಸಿ ನೋಡಿದರು ಅಂದಾಗ ಮಾತ್ರ ನಕ್ಕುಬಿಟ್ಟರು. "ಹೆಸರುಕಾಳು ಮೊಳಕೆ ಕಟ್ಟಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಒದ್ದೆ ಬಟ್ಟೆ ಇರ್ಲಿಲ್ವಾ?" ಉಚ್ಚೆಯನ್ನೇ ಶುದ್ಧ ಮಾಡಿ ಕುಡಿಯುವ ನೀರು ಮಾಡಿಕೊಳ್ಳುತ್ತಾರೆ, ನೂರಕ್ಕೆ 98ರಷ್ಟು ನೀರು ಮತ್ತೆ ಬಳಕೆಗೆ ಸಿಗುತ್ತೆ ಅಂತ ಮಗ ಹೇಳಿದ ಸಂಜೆ ಅವರು ಕಾಫಿ ಕುಡಿಯಲಿಲ್ಲ. ನಮ್ಮನೆ ಕಾಫಿಗೂ ಅದಕ್ಕೂ ಸಂಬಂಧವಿಲ್ಲ ಅಂದರೂ ಕೇಳಲಿಲ್ಲ.

ನನಗೆ ಮಾತ್ರ ಆ ಅಡುಗೆ ವಿಷಯ ತಲೆಯಲ್ಲೇ ಕೂತಿತು. ಅಲ್ಲಿ ಬ್ರೆಡ್ ಬಳಸಲ್ಲ, ಪುಡಿ ಉದುರಿ ಕಣ್ಣಿಗೋ ಮೆಷಿನ್ನಿಗೋ ಹೋಗುತ್ತೆ ಅಂತ ಚಪಾತಿ ಥರದ ಟೋರ್ಟಿಯಾ ತಿನ್ನುತ್ತಾರೆ. ಉಪ್ಪು, ಮೆಣಸು ಕೂಡ ದ್ರವದ ರೂಪದಲ್ಲಿ. ಹಾಗಾದರೆ ನಿಪ್ಪಟ್ಟು ಹೋಯಿತು, ಚಟ್ನಿಪುಡಿ ಹೋಯಿತು. ಒಗ್ಗರಣೆಯಂತೂ ಕೇಳಲೇಬೇಡಿ. ಎಣ್ಣೆ ಸೌಟಿನಲ್ಲಿ ಕೂರುವುದಿಲ್ಲ, ಸಿಡಿದ ಸಾಸಿವೆ ಒಂದೊಂದೂ ನೆಟ್ಟಗೆ ಹೋಗಿ ಒಬ್ಬೊಬ್ಬರ ಕಣ್ಣಿಗೆ. ಅದರ ಮೇಲೆ ಇಂಗು. 2000ದ ನವೆಂಬರ್‌ನಿಂದ ಜನ ವಾಸ ಮಾಡುತ್ತಿರುವ, ಒಂದು ದಿನವೂ ಕಿಟಕಿ ತೆಗೆಯದ ಮನೆ ಅದು!

ಮುದ್ದೆ ಆಗಬಹುದು ಅಂತ ಮೊದಲು ಅನ್ನಿಸಿತು. ಪುಡಿ ಉದುರಲ್ಲ, ಅಗಿಯೋ ಕೆಲಸವೂ ಇಲ್ಲ, ಎರಡು ಮುದ್ದೆ ಇದ್ದರೆ ಗಗನಯಾತ್ರಿ ಮಧ್ಯಾಹ್ನದ ತನಕ ಮಾತಾಡಲ್ಲ. ಆದರೆ ತಿರುವೋದು ಹೇಗೆ? ಇಲ್ಲಿ ನಾನು ಪಾತ್ರೆಯನ್ನು ಎರಡು ಪಾದದ ಮಧ್ಯೆ ಒತ್ತಿಕೊಂಡು, ಮೈಭಾರ ಎಲ್ಲಾ ಕೋಲಿನ ಮೇಲೆ ಬಿಟ್ಟು ತಿರುವುತ್ತೇನೆ. ಅಲ್ಲಿ ಬಿಡೋಕೆ ಭಾರವೇ ಇಲ್ಲ. ಹಿಟ್ಟು ಗಟ್ಟಿಯಾಗುತ್ತಿದ್ದ ಹಾಗೆ ಕೋಲು ನಿಂತು ನಾನೇ ತಿರುಗೋಕೆ ಶುರುಮಾಡುತ್ತೇನೆ. ಗೋಡೆಯ ಕಂಬಿಗೆ ಕಾಲು ಸಿಕ್ಕಿಸಿಕೊಂಡೇ ಅವರು ಕೆಲಸ ಮಾಡುವುದು ಇದಕ್ಕೇ. ಹಾಗೂ ಹೀಗೂ ಮುದ್ದೆ ಕಟ್ಟಿದರೂ ಬಸ್ಸಾರು ತಟ್ಟೆಯಲ್ಲಿ ನಿಲ್ಲಬೇಕಲ್ಲ. ಅದು ಗುಂಡಗೆ ಉಂಡೆಯಾಗಿ ತೇಲುತ್ತೆ. ಮುದ್ದೆ ಒಂದು ಕಡೆ, ಸಾರಿನ ಮುದ್ದೆ ಇನ್ನೊಂದು ಕಡೆ, ಮಧ್ಯದಲ್ಲಿ ಬಾಯಿ ತೆಗೆದುಕೊಂಡು ನಮ್ಮನೆಯವರು. ಈ ಚಿತ್ರ ನೆನೆದು ನಾನು ರಾತ್ರಿ ಒಬ್ಬಳೇ ನಕ್ಕಿದ್ದೇನೆ.

ಮಗ ಇನ್ನೊಂದು ವಿಷಯ ಹೇಳಿದ್ದ, ಅದನ್ನು ನಾನು ಆವಾಗ ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ನಿಲ್ದಾಣದಲ್ಲಿ ಏನಾದರೂ ಕಳೆದರೆ ಗಾಬರಿಯಾಗಿ ಓಡಾಡುವ ಬದಲು ಗಾಳಿ ಎಳೆದುಕೊಳ್ಳುವ ಕಿಂಡಿಗಳ ಹತ್ತಿರ ನೋಡುತ್ತಾರಂತೆ. ಫ್ಯಾನು ಸದಾ ತಿರುಗುತ್ತಾ ಇರುತ್ತೆ, ಗಾಳಿ ಹರಿಯುವ ಕಡೆಗೇ ಸಾಮಾನೂ ಹೋಗಿ, ಒಂದೆರಡು ದಿನದಲ್ಲಿ ಆ ಜಾಲರಿಗೆ ಬಂದು ಅಂಟಿಕೊಂಡಿರುತ್ತೆ. ಪೆನ್ನು, ಸ್ಕ್ರೂ, ಕಾಲುಚೀಲ, ಎಲ್ಲಾ.

ಡಿಸೆಂಬರ್ ಬಂತು. ಮೋಡ ಹೋಗಿ ಚಳಿ ಬಂತು. ಫ್ರಿಜ್ಜಿನ ಮೇಲೆ ಹೊಸ ಚೀಟಿ ಬಂತು. ಒಂದು ಸಂಜೆ ಎಲ್ಲರೂ ತಾರಸಿಗೆ ಹೋದೆವು. ಅತ್ತೆಗೆ ಪ್ಲಾಸ್ಟಿಕ್ ಕುರ್ಚಿ, ಶಾಲು, ಅವರ ಎಲೆಅಡಿಕೆ ಚೀಲ. ಹೇಳಿದ ಹೊತ್ತಿಗೆ ಸರಿಯಾಗಿ ಪಶ್ಚಿಮದ ಕಡೆ, ತೆಂಗಿನ ಮರದ ಪಕ್ಕ, ಒಂದು ಚುಕ್ಕಿ ಎದ್ದಿತು. ಮಿಣುಕಲಿಲ್ಲ, ಸದ್ದಿಲ್ಲ. ನೋಡನೋಡುತ್ತಾ ಬೆಳ್ಳಗೆ ಬೆಳಗಿ ನಮ್ಮ ನೆತ್ತಿಗೆ ಬಂತು. ನಾನು ಮಾತಾಡಲಿಲ್ಲ, ಇದು ಅಪರೂಪ.

"ಅದ್ರೊಳಗೆ ಜನ ಅವ್ರಾ?" ಅಂದರು ಅತ್ತೆ.

"ಹೂಂ ಅಜ್ಜಿ. ಒಂದೂವರೆ ಗಂಟೆಗೆ ಒಂದು ಸುತ್ತು. ಅವರಿಗೆ ದಿನಕ್ಕೆ 16 ಸಲ ಬೆಳಗಾಗುತ್ತೆ."

"ಹದಿನಾರು ಸಲ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡ್ಬೇಕಾ! ಆ ಹೆಣ್ಣುಮಕ್ಕಳ ಗತಿ ಏನವ್ವಾ" ಅಂದವರೇ ಸುಣ್ಣದ ಡಬ್ಬಿಗೆ ಚೀಲದೊಳಗೆ ಕೈ ಹಾಕಿದರು. ಕತ್ತಲಲ್ಲಿ ಡಬ್ಬಿ ಸಿಗಲಿಲ್ಲ. ಚೀಲವನ್ನು ಮಡಿಲಿಗೆ ಸುರಿದುಕೊಂಡರು. ಠಣ್ ಅಂತ ಏನೋ ನೆಲಕ್ಕೆ ಬಿತ್ತು.

ಮಗ ಟಾರ್ಚ್ ಬಿಟ್ಟ. ನನ್ನ ಸ್ಕೂಟರ್ ಕೀ. ಅತ್ತೆಯ ಮಡಿಲಲ್ಲಿ ಎರಡು ಸೇಫ್ಟಿ ಪಿನ್ನು, ಓಲೆಯ ತಿರುಪು, ಮಗನ ರಬ್ಬರು, ಮತ್ತೆ ನಮ್ಮನೆಯವರು ಎರಡು ವರ್ಷದ ಹಿಂದೆ ಕಳೆದು, ನಾನೇ ಗುಡಿಸಿ ಬಿಸಾಕಿದ್ದೇನೆ ಅಂತ ಮೂರು ದಿನ ಮಾತು ಬಿಟ್ಟಿದ್ದ ಪೆನ್‌ಡ್ರೈವು. ಅದಕ್ಕೆ ಸ್ವಲ್ಪ ಸುಣ್ಣ ಮೆತ್ತಿತ್ತು.

"ಜಗಲಿ ಮೇಲೆ ಬಿದ್ದಿರ್ತಾವೆ, ಯಾರಾದ್ರೂ ತುಳಿದಾರು ಅಂತ ಎತ್ತಿಡ್ತೀನಪ್ಪ" ಅಂದರು ಅತ್ತೆ, ತಣ್ಣಗೆ.

ನಾವು ಮತ್ತೆ ಕತ್ತೆತ್ತುವಷ್ಟರಲ್ಲಿ ನಿಲ್ದಾಣ ಭೂಮಿಯ ನೆರಳಿಗೆ ಹೋಗಿ ಮಾಯವಾಗಿತ್ತು. ನಮ್ಮನೆಯವರು ಪೆನ್‌ಡ್ರೈವನ್ನು ಲುಂಗಿಗೆ ಒರೆಸಿಕೊಂಡು, "ಅವರಿಗೆ ಟೊಮೆಟೊ ಸಿಗೋಕೆ ಎಂಟು ತಿಂಗಳು. ನಿನ್ನ ಕೀ ಐದೇ ತಿಂಗಳಿಗೆ ಸಿಕ್ತಲ್ಲ" ಅಂದರು. ಅವರ ಪೆನ್‌ಡ್ರೈವಿನ ಲೆಕ್ಕ ಯಾರೂ ಎತ್ತಲಿಲ್ಲ.

ಈಗ ಒರಿಜಿನಲ್ ಕೀ ಗೂಟಕ್ಕೆ ನೇತುಹಾಕಿದ್ದೇನೆ. ಡೂಪ್ಲಿಕೇಟ್ ಎಲ್ಲಿಟ್ಟೆ ಅಂತ ನೆನಪಾಗ್ತಿಲ್ಲ. ಅತ್ತೆ ಮಲಗಿದ ಮೇಲೆ ಚೀಲದಲ್ಲೂ ನೋಡಿದೆ. ಇಲ್ಲ.